ಮಾವನವರ ಪುಡಿ, ಸೊಸೆಯ ಸೋಮವಾರ

ಆ ಮನೆಯಲ್ಲಿ ಬೆಳಗಾಗುತ್ತಿದ್ದುದು ಸೂರ್ಯನಿಂದಲ್ಲ, ಮಾವನವರ ಹೊಟ್ಟೆಯಿಂದ. ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿ ನಿವೃತ್ತರಾದ ಅವರು ಬೆಳಿಗ್ಗೆ ಟಾಯ್ಲೆಟ್ಟಿನಿಂದ ಹಗುರಾಗಿ ಹೊರಬಂದರೆ ಮನೆಗೆಲ್ಲ ಶುಭದಿನ. ಮೊಮ್ಮಗ ಗುಂಡನನ್ನು ಎತ್ತಿ ಆಡಿಸುವರು, ಸೊಸೆಯ ಕಾಫಿಯನ್ನು ಹೊಗಳುವರು, ಮಗನನ್ನೂ ಒಬ್ಬ ಮನುಷ್ಯನೆಂದು ಪರಿಗಣಿಸಿ ಮಾತಾಡಿಸುವರು. ಹೋದ ಮುಖದಲ್ಲೇ ವಾಪಸು ಬಂದರೋ, ಮುಗಿಯಿತು. ಅಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೆಟ್ಟು ನಿಂತ ಬಸ್ಸಿನಂತೆ ಕೂತುಬಿಡುವರು. ಎಲ್ಲರೂ ಸೇರಿ ತಳ್ಳಿದರೂ ಕದಲುವುದಿಲ್ಲ. ಮಗುವನ್ನಂತೂ ಮುಟ್ಟುವುದಿಲ್ಲ. (ಹೊಟ್ಟೆ ಕಟ್ಟಿದವನ ಕೈಗೆ ಮಗು ಕೊಡಬಾರದು ಎಂಬುದು ಅವರ ಸಿದ್ಧಾಂತ. ಇದು ಯಾವ ಶಾಸ್ತ್ರದಲ್ಲಿದೆ ಎಂದು ಕೇಳುವ ಗಂಡೆದೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.)

ಇಷ್ಟು ವರ್ಷ ಈ ಸಾಮ್ರಾಜ್ಯ ನಡೆದದ್ದು ಒಂದು ಪುಡಿಯ ಬಲದಿಂದ. ಮಲಗುವ ಮುಂಚೆ ಬಿಸಿನೀರಿಗೆ ಒಂದು ಚಮಚ, ಬೆಳಿಗ್ಗೆ ಪ್ರಯಾಣ ಸುಖಕರ. ಡಾಕ್ಟರ ಚೀಟಿಯೂ ಬೇಡ, ಯಾವ ಮೆಡಿಕಲ್ ಶಾಪಿಗೆ ಹೋದರೂ ಸಿಗುವಂಥದ್ದು. ಅಂಥ ಪುಡಿ ಇದ್ದಕ್ಕಿದ್ದಂತೆ ಊರಿನಿಂದಲೇ ಮಾಯವಾಯಿತು. ಅದೂ ಎಂಥ ವಾರದಲ್ಲಿ? ಸೊಸೆ ಹೆರಿಗೆ ರಜೆ ಮುಗಿಸಿ, ಫ್ರಿಡ್ಜ್ ಕಂಪನಿಯ ದೂರು ವಿಭಾಗದ ಕೆಲಸಕ್ಕೆ ಸೋಮವಾರ ಮರಳಬೇಕಿದ್ದ ವಾರದಲ್ಲಿ.

ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಣ್ಣು ಬಿಡುವ ಮೊದಲೇ ರಸ್ತೆಯ ಮೇಲಿರುವ ಪ್ರಾಣಿ. ಅತ್ತೆ ತಮ್ಮ ಮಗಳ ಮನೆಗೆ ಹೋದವರು ಅಲ್ಲಿನ ಹವೆ ಒಗ್ಗಿತೆಂದು ಅಲ್ಲೇ ಉಳಿದಿದ್ದರು. ಹೀಗಾಗಿ ಗುಂಡನನ್ನು ನೋಡಿಕೊಳ್ಳಬೇಕಾದವರು ಮಾವ ಒಬ್ಬರೇ. ಅವರು ಕುರ್ಚಿ ಬಿಟ್ಟು ಏಳದಿದ್ದರೆ ಇವಳು ಹೊಸ್ತಿಲು ದಾಟುವಂತಿಲ್ಲ. ರಜೆ ಬೆಳೆಸಿದರೆ ಆ ಜಾಗಕ್ಕೆ ಬೇರೆಯವರನ್ನು ಕೂರಿಸುವುದಾಗಿ ಮ್ಯಾನೇಜರು ಬಹಳ ಮೃದುವಾದ ದನಿಯಲ್ಲಿ ಹೇಳಿದ್ದರು. ಮೊದಲೇ ಅವಳದು ಚಿಂತೆಯ ಜೀವ. ಗುಂಡ ಸೀನಿದರೆ ನ್ಯುಮೋನಿಯಾ ಎಂದು ನಡುಗುವಳು. ಸೀನದಿದ್ದರೆ ಸೀನುವ ಶಕ್ತಿಯೂ ಕುಂದಿತೇ ಎಂದು ಅಳುವಳು. ಈಗ ಮಗನ ಮೂಗಿನ ಜೊತೆ ಮಾವನ ಹೊಟ್ಟೆಯ ಚಿಂತೆಯೂ ಅವಳ ತಲೆಗೇ ಬಂತು.

ಗುಂಡನನ್ನು ಸೊಂಟಕ್ಕೇರಿಸಿಕೊಂಡು ಅವಳು ಔಷಧಿ ಅಂಗಡಿಗಳ ದಿಗ್ವಿಜಯಕ್ಕೆ ಹೊರಟಳು. ಮೊದಲ ಅಂಗಡಿಯಲ್ಲಿ ಕೌಂಟರಿನ ಮೇಲೆ ಬಾಗಿ, ಗುಟ್ಟು ಹೇಳುವವಳಂತೆ ಪುಡಿಯ ಹೆಸರು ಉಸುರಿದಳು. ಅಂಗಡಿಯವನು ಹಿಂದಿನ ಗೋದಾಮಿಗೂ ಕೇಳುವಂತೆ ಕೂಗಿದ.

"ಮೋಷನ್ ಪುಡಿನಾ ಮೇಡಂ? ಇಲ್ಲ. ಕಂಪನಿಯಿಂದ್ಲೇ ಬರ್ತಿಲ್ಲ."

"ಸಿರಪ್?"

"ಅದು ಪುಡಿಗಿಂತ ಮುಂಚೆ ಖಾಲಿ."

"ಮಾತ್ರೆನಾದ್ರೂ?"

"ಭೇದಿ ನಿಲ್ಲಿಸೋ ಮಾತ್ರೆ ಬೇಕಾದಷ್ಟಿದೆ. ಕೊಡ್ಲಾ?"

ಸಾಲಿನಲ್ಲಿ ನಿಂತಿದ್ದವರೆಲ್ಲ ಅವಳ ಹೊಟ್ಟೆಯನ್ನೇ ನೋಡುತ್ತಿದ್ದರು. "ನನಗಲ್ಲ, ನಮ್ಮ ಮಾವನವರಿಗೆ" ಎಂದು ಅವಳು ಸಾರ್ವಜನಿಕ ಪ್ರಕಟಣೆ ಕೊಟ್ಟಳು.

"ಎಲ್ರೂ ಹಾಗೇ ಹೇಳೋದು ಬಿಡಮ್ಮ" ಎಂದಳು ಹಿಂದಿದ್ದ ಅಜ್ಜಿ. "ನಾನೂ ನಮ್ಮ ಯಜಮಾನ್ರಿಗೆ ಅಂತ್ಲೇ ಕೇಳೋಕೆ ಬಂದೆ."

ಉಳಿದ ಅಂಗಡಿಗಳಲ್ಲೂ ಇದೇ ಕಥೆ. ಮನೆಗೆ ಬಂದು ನೋಡಿದರೆ ಮಾವ ಪುಡಿಯ ಡಬ್ಬಿಯ ತಳಕ್ಕೆ ಬಿಸಿನೀರು ಹಾಕಿ ಕುಲುಕುತ್ತಿದ್ದರು, ಹಳೆಯ ಶಾಂಪೂ ಬಾಟಲಿಗೆ ನೀರು ಹಾಕುವ ಹಾಗೆ.

ಆ ರಾತ್ರಿ ಅವಳಿಗೆ ಜ್ಞಾನೋದಯವಾಯಿತು. ಪುಡಿಯಿಲ್ಲದಿದ್ದರೇನು, ನಾರಿಲ್ಲವೇ? ಮೊಬೈಲಿನಲ್ಲಿ ಓದಿ ಓದಿ ಪಂಡಿತೆಯಾದಳು. ಮಾರನೆಯ ದಿನ ಪಪ್ಪಾಯಿ, ಅಂಜೂರ, ನೆನೆಸಿದ ಒಣದ್ರಾಕ್ಷಿಗಳು ಅಡುಗೆಮನೆಗೆ ದಂಡೆತ್ತಿ ಬಂದವು. ಸೇನಾಧಿಪತಿಯಾಗಿ ಬಂದದ್ದು ಗೋಧಿಯ ಬೂಸಾ ಬೆರೆಸಿ ಅವಳೇ ಬೇಯಿಸಿದ ಬಿಸ್ಕತ್ತು. ಅದನ್ನು ತಟ್ಟೆಗಿಟ್ಟರೆ ಟಕ್ಕೆಂದು ಸದ್ದಾಗುತ್ತಿತ್ತು.

ಮಾವ ಒಂದನ್ನೆತ್ತಿ ಬೆಳಕಿಗೆ ಹಿಡಿದರು. "ಏನಮ್ಮ ಇದು?"

"ಬಿಸ್ಕತ್ತು ಮಾವ. ಬೂಸಾ ಹಾಕಿದೀನಿ. ತುಂಬ ಒಳ್ಳೇದಂತೆ."

"ನಾನು ಸರ್ವೀಸ್ ಮಾಡಿದ್ದು ಡಿಪೋದಲ್ಲಿ ಕಣಮ್ಮ, ಕೊಟ್ಟಿಗೇಲಲ್ಲ."

ಆದರೂ ಅವರು ಹಟ ಮಾಡಲಿಲ್ಲ. ಪ್ರತಿದಿನ ತಟ್ಟೆ ಖಾಲಿಯಾಗುತ್ತಿತ್ತು. ಸೊಸೆಯ ಎದೆ ಉಬ್ಬಿತು. ಹೊಟ್ಟೆ ಮಾತ್ರ ಕದಲಲಿಲ್ಲ. ಬೆಳಿಗ್ಗೆ ಹೋಗುವರು, ಬರುವರು, ಕುರ್ಚಿಯಲ್ಲಿ ಕೂರುವರು. "ಏನಾಯ್ತು ಮಾವ?" ಎಂದರೆ, "ಟೈಂ ಆಗಿದೆ, ಗಾಡಿ ಬಂದಿಲ್ಲ" ಎಂದು ಪೇಪರು ಮುಖಕ್ಕೆ ಹಿಡಿಯುವರು. ಅವಳು ಬಿಸ್ಕತ್ತಿನ ಸಂಖ್ಯೆ ಹೆಚ್ಚಿಸಿದಳು.

ಅತ್ತ ಗಂಡ ಬಾಡುತ್ತ ಬಂದ. ಶನಿವಾರ ಸಂಜೆ ಬಾಗಿಲಲ್ಲೇ ಬ್ಯಾಗು ಬಿಸಾಕಿ ನೇರ ಟಾಯ್ಲೆಟ್ಟಿಗೆ ನುಗ್ಗಿದವನು, ಹೊರಬಂದು ಗೋಡೆಗೊರಗಿ ನಿಂತ.

"ಇವತ್ತು ಒಂದೇ ಪಾಠದಲ್ಲಿ ಎಷ್ಟು ಸಲ ಪೆಟ್ರೋಲ್ ಬಂಕಿಗೆ ಕಾರು ತಿರುಗಿಸ್ದೆ ಗೊತ್ತಾ? ಒಂದ್ಸಲಾನೂ ಪೆಟ್ರೋಲ್ ಹಾಕಿಸ್ಲಿಲ್ಲ. ಕಲಿಯೋಕೆ ಬಂದಿರೋ ಹುಡುಗಿ ಅದೂ ಪಾಠಾನೇ ಅಂದ್ಕೊಂಡಿದಾಳೆ. ಈಗ ಬಂಕ್ ಕಂಡ್ರೆ ಸಾಕು, ತಾನಾಗೇ ಇಂಡಿಕೇಟರ್ ಹಾಕ್ತಾಳೆ."

"ಹೊರಗಡೆ ಏನಾದ್ರೂ ತಿಂದ್ರಾ?"

"ಹೊರಗಡೆ ಯಾಕೆ ತಿನ್ಲಿ? ನೀನು ಡಬ್ಬಿಗೆ ಹಾಕಿ ಕೊಡೋ ಇಟ್ಟಿಗೆ ಚೂರು ತಿಂದು ಮುಗಿಸೋದ್ರೊಳಗೆ ಊಟದ ಟೈಮೇ ಮುಗಿದಿರತ್ತೆ."

"ನಾನೆಲ್ಲಿ ನಿಮ್ಮ ಡಬ್ಬಿಗೆ ಹಾಕ್ದೆ?"

ಇಬ್ಬರೂ ಒಟ್ಟಿಗೆ ಕಿಟಕಿಯ ಕಡೆ ತಿರುಗಿದರು. ಪೇಪರು ಇನ್ನಷ್ಟು ಮೇಲಕ್ಕೇರಿತು.

"ಕಷ್ಟಪಟ್ಟು ಮಾಡಿದಾಳೆ, ಹಾಳಾಗಬಾರದು ಅಂತ ಹಾಕಿದ್ದು" ಎಂದಿತು ಪೇಪರಿನ ಹಿಂದಿನ ದನಿ.

"ಅಲ್ಲಾ ರೀ, ನೀವಾದ್ರೂ ಒಂದು ಮಾತು ಕೇಳಬಾರದಾಗಿತ್ತಾ?"

"ಮದುವೆಯಾದ ಹೊಸದ್ರಲ್ಲಿ ಒಂದ್ಸಲ ಕೇಳಿದ್ದೆ, ಡಬ್ಬಿಗೆ ಏನು ಹಾಕಿದೀಯ ಅಂತ. ಆಮೇಲೆ ಮಾತು ಬಿಟ್ಟಿದ್ದೆಯಲ್ಲ, ಮರೆತುಹೋಯ್ತಾ?"

(ಇದು ನಿಜವಾದ್ದರಿಂದ ಸೊಸೆ ವಿಷಯ ಬದಲಿಸಿದಳು.)

ಭಾನುವಾರ ಬೆಳಗಾಯಿತು. ಉಳಿದಿರುವುದು ಒಂದೇ ದಿನ. ಮಾವ ಮಾತ್ರ ಸ್ಥಾವರ. ಅವಳು ಮಾರನೆಯ ದಿನದ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು, ಹಲ್ಲು ಮೂಡುತ್ತಿದ್ದ ಗುಂಡ ಕಿಟಾರನೆ ಕಿರುಚಿದ, ಇಸ್ತ್ರಿಪೆಟ್ಟಿಗೆಯ ಕೆಳಗಿನಿಂದ ಹೊಗೆ ಎದ್ದಿತು. ಗಂಡನಂತೂ ಇರಬೇಕಾದ ಜಾಗದಲ್ಲೇ ಇದ್ದ, ಒಳಗಿನಿಂದ ಚಿಲಕ ಹಾಕಿಕೊಂಡು. ಸೊಸೆ ಸಿದ್ಧಾಂತ ಗಿದ್ಧಾಂತ ನೋಡದೆ ಮಗುವನ್ನು ಮಾವನ ಮಡಿಲಿಗೆ ಹಾಕಿ ಓಡಿದಳು.

ಗುಂಡನಿಗೂ ಒಂದು ಸಿದ್ಧಾಂತವಿತ್ತು: ಎತ್ತಿಕೊಂಡವರು ಕೂರಬಾರದು. ಕೂತರೆ ಅರಚುವನು, ನಿಂತರೆ ಕಿವಿ ಹಿಡಿದು ಜಗ್ಗುವನು. ಮಾವ ಗೊಣಗುತ್ತ ಎದ್ದರು. ಪಡಸಾಲೆಯಿಂದ ಅಡುಗೆಮನೆ, ಅಡುಗೆಮನೆಯಿಂದ ಬಾಲ್ಕನಿ, ಮೆಟ್ಟಿಲಿಳಿದು ಗೇಟು, ಮತ್ತೆ ಮೆಟ್ಟಿಲು ಹತ್ತಿ ಪಡಸಾಲೆ. ಇಡೀ ವಾರ ಕೂತಲ್ಲೇ ಕೂತಿದ್ದ ದೇಹದ ಮೂಲೆಮೂಲೆಯೂ ಕುಲುಕಾಡಿತು. ಇದ್ದಕ್ಕಿದ್ದಂತೆ ಮಾವ ಮೆಟ್ಟಿಲ ನಡುವೆ ನಿಂತರು. ದೂರದಿಂದ ಬರುವ ಬಸ್ಸಿನ ಸದ್ದಿಗೆ ಕಿವಿಗೊಟ್ಟವರ ಮುಖ ಅದು.

"ಹಿಡ್ಕೊಳ್ಳಮ್ಮ, ಮಗೂನ ಹಿಡ್ಕೋ" ಎಂದು ಕೂಗುತ್ತ ಎರಡೆರಡು ಮೆಟ್ಟಿಲು ಹಾರಿ ಬಂದು ಗುಂಡನನ್ನು ಸೊಸೆಯ ಕೈಗೆ ಹಾಕಿದರು. "ಲೋ, ಹೊರಗ್ ಬಾರೋ, ನಿಂದೇನು ಅಲ್ಲೇ ಸಂಸಾರನಾ?"

ಬಹಳ ಹೊತ್ತಿನ ಮೇಲೆ ಹೊರಬಂದಾಗ ಅವರ ಮುಖದಲ್ಲಿ ತೇಜಸ್ಸಿತ್ತು. ಗುಂಡನ ಎರಡೂ ಕೆನ್ನೆಗೆ ಮುತ್ತಿಟ್ಟರು. "ಇನ್ನು ಪುಡಿ ಬೇಡ, ಬೂಸಾ ಬೇಡ. ನನಗೆ ಇವನೊಬ್ಬ ಸಾಕು. ನೀನು ಆರಾಮಾಗಿ ಕೆಲಸಕ್ಕೆ ಹೋಗು." ಸೊಸೆ ಸಂತೋಷಕ್ಕೆ ಅತ್ತಳು. ಗಂಡ ಉಳಿದ ಬಿಸ್ಕತ್ತುಗಳನ್ನೆಲ್ಲ ಹೊತ್ತುಕೊಂಡು ಹೋಗಿ, ತಿರುಗಿ ನೋಡದೆ, ಪಕ್ಕದ ಬೀದಿಯ ಹಸುವಿಗೆ ಅರ್ಪಿಸಿ ಬಂದ. (ಹಸು ಸ್ವಲ್ಪ ಯೋಚಿಸಿ ತಿಂದಿತಂತೆ.)

ಸೋಮವಾರ ಎಲ್ಲವೂ ಗಡಿಯಾರದಂತೆ ನಡೆಯಿತು. ಗಂಡ ಪಾಠಕ್ಕೆ ಹೋದ. ಮಾವ ಕಣ್ಣು ಬಿಟ್ಟದ್ದೇ ಮೊಮ್ಮಗನನ್ನು ಹೆಗಲಿಗೇರಿಸಿ ಸಂಚಾರ ಆರಂಭಿಸಿದ್ದರು. ಸೊಸೆ ಹೊಸ ಚಪ್ಪಲಿ ಮೆಟ್ಟಿ, ಬ್ಯಾಗು ನೇತುಹಾಕಿಕೊಂಡು, ಮಗು ತನ್ನನ್ನು ಬಿಟ್ಟಿರಲಾರದೇನೋ ಎಂದು ಕಣ್ಣು ತುಂಬಿಕೊಂಡು ನಿಂತಳು. ಗೇಟಿನ ಬಳಿ ಆಫೀಸಿನ ವ್ಯಾನು ಬಂದು ಹಾರ್ನು ಹೊಡೆಯಿತು.

"ಅಮ್ಮ ಹೋಗ್ ಬರ್ಲಾ ಬಂಗಾರ?"

ಅದೇ ಕ್ಷಣದಲ್ಲಿ ಮಾವ ನಿಂತರು. ಅದೇ ಮುಖ.

"ಒಂದ್ನಿಮಿಷ ಹಿಡ್ಕೊಳ್ಳಮ್ಮ."

ಗುಂಡ ಅವಳ ತೋಳಿಗೆ ಬಂದ. ಮೇಜಿನ ಮೇಲಿದ್ದ ಪೇಪರು ಮಾವನ ಕಂಕುಳಿಗೆ ಹೋಯಿತು. ಚಿಲಕ ಬಿತ್ತು.

ಹಾರ್ನು ಮತ್ತೆ ಕೂಗಿತು. ಅವಳು ಬಾಗಿಲು ತಟ್ಟಿದಳು. "ಮಾವ, ವ್ಯಾನ್ ಬಂದಿದೆ."

"ಬರ್ಲಿ ಬಿಡಮ್ಮ."

"ಇನ್ನೂ ಎಷ್ಟೊತ್ತಾಗತ್ತೆ?"

"ಇದಕ್ಕೆಲ್ಲ ಅವಸರ ಮಾಡಬಾರದು ಕಣಮ್ಮ. ಒಂದು ವಾರದ್ದು ಬಾಕಿ ಇದೆ. ನಿನ್ನೆ ಹೋಗಿದ್ದು ಮೊದಲನೇ ಟ್ರಿಪ್ಪು ಅಷ್ಟೇ."

ಪೇಪರಿನ ಹಾಳೆ ಸರಬರನೆ ಮಗುಚಿದ ಸದ್ದು ಕೇಳಿತು. ಆಮೇಲೆ ಏನನ್ನೋ ಗುನುಗುವ ದನಿ. ಕಿಟಕಿಯಿಂದ ಇಣುಕಿದರೆ ವ್ಯಾನು ಬೀದಿಯ ಕೊನೆಯಲ್ಲಿ ತಿರುಗುತ್ತಿತ್ತು. ಕೈಯಲ್ಲಿದ್ದ ಫೋನು ರಿಂಗಾಯಿತು. ಪರದೆಯ ಮೇಲೆ ಮ್ಯಾನೇಜರ ಹೆಸರು. ಗುಂಡ ಅವಳ ಕಿವಿಯೋಲೆ ಹಿಡಿದು ಜಗ್ಗಿ, ನಡೆ ಎಂದು ಅಪ್ಪಣೆ ಮಾಡಿದ. ಅವಳು ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಹೊಸ ಚಪ್ಪಲಿಯಲ್ಲೇ ನಡೆಯತೊಡಗಿದಳು.

ಚಪ್ಪಲಿಯ ಸದ್ದು ಕೇಳಿತೇನೋ, ಒಳಗಿನಿಂದ ಮಾವನ ದನಿ, ಇಡೀ ವಾರದಲ್ಲಿ ಕೇಳಿರದಷ್ಟು ಪ್ರೀತಿಯಿಂದ, ತೇಲಿಬಂತು.

"ಹೊರಟ್ಯೇನಮ್ಮಾ? ನಿಧಾನಕ್ಕೆ ಹೋಗಿ ಬಾ. ಮನೆ ಚಿಂತೆ ಮಾಡಬೇಡ, ನಾನಿದೀನಲ್ಲ."