ಮೂರನೇ ಗೇರು

ಎಲ್ಲಕ್ಕೂ ಕಾರಣ ಸೋಪಿನ ಗಾತ್ರದ ಒಂದು ಕಪ್ಪು ಡಬ್ಬಿ. ಕಾರು ಕಂಪನಿಯಿಂದ ಬಂದ ಹೈಡ್ರುನ್ ಎಂಬ ಜರ್ಮನ್ ಇಂಜಿನಿಯರ್ ಬೆಳಿಗ್ಗೆಯೇ ಅದನ್ನು ಎಮ್ಲಿನ್‌ನ ಕೆಂಪು ಕಾರಿನ ಪಕ್ಕದ ಸೀಟಿನ ಕೆಳಗಿಟ್ಟು, ಅದರ ವೈರನ್ನು ಗೇರಿನ ಮುಂದಿದ್ದ ಸಾಕೆಟ್ಟಿಗೆ ಸಿಕ್ಕಿಸಿದಳು.

"ಕೇಳಿದ್ರೆ ಎಲ್ರೂ ಗೇರ್ ಬೇಕು, ಸದ್ದು ಬೇಕು ಅಂತಾರೆ. ಬಾಯಿಮಾತು ನಮಗೆ ಸಾಕಾಗಿದೆ," ಅಂದಳು. "ಇವತ್ತು ನೀವು ಹೇಗೆ ಓಡಿಸ್ತೀರೋ ಹಾಗೆ ಈ ಡಬ್ಬಿ ಬರ್ಕೊಳ್ಳುತ್ತೆ. ಮುಂದಿನ ಕಾರನ್ನ ಅದನ್ನ ನೋಡಿ ಮಾಡ್ತೀವಿ." ಸಂಜೆ ಬರುವುದಾಗಿ ಹೇಳಿ ಹೊರಟುಹೋದಳು.

ಎಮ್ಲಿನ್ ವೇಲ್ಸ್‌ನ ನಮ್ಮ ಕಣಿವೆಯಲ್ಲಿ ಶಾಲಾ ಬಸ್ಸಿನ ಡ್ರೈವರು. ವಾರವಿಡೀ ಗಲಾಟೆ ಮಕ್ಕಳನ್ನು ಹೊತ್ತು ಆಮೆಯಂತೆ ತೆವಳುವವನು. ಶನಿವಾರ ಬಂತೆಂದರೆ ಈ ಪುಟ್ಟ ಕಾರು. ಹಿಂದೆ ವಾರದ ಸಾಮಾನು ಹಿಡಿಸುತ್ತದೆ, ಮುಂದೆ ರೇಸಿನ ಕುದುರೆ ಕಟ್ಟಿದ ಹಾಗಿದೆ. ಆದರೆ ಅದರ ತಳಕ್ಕೆ ತುಕ್ಕು ಹಿಡಿದು, ಬರುವ ವರ್ಷದ ತಪಾಸಣೆಯಲ್ಲಿ ಪಾಸಾಗುವುದಿಲ್ಲವೆಂದು ಮೆಕ್ಯಾನಿಕ್ಕು ಕೈ ಚೆಲ್ಲಿದ್ದ. ಹೊಸ ಕಾರುಗಳಲ್ಲೋ ಹೀಟರು ಹಾಕಲೂ ಟಚ್‌ಸ್ಕ್ರೀನ್ ಸವರಬೇಕು. ಮುಷ್ಟಿ ತುಂಬ ಹಿಡಿಯುವ ಗೇರು, ಎಳೆದರೆ ಕರಕರ ಅನ್ನುವ ಹ್ಯಾಂಡ್‌ಬ್ರೇಕು, ಬೆಟ್ಟದಲ್ಲಿ ಹಾಡುವ ಎಂಜಿನ್ನು, ಇಷ್ಟಿರುವ ಕಾರು ಇನ್ನೊಂದೇ ಒಂದು ಬರಲಿ, ಕೈಕಾಲು ಗಟ್ಟಿಯಿರುವಾಗಲೇ ಬರಲಿ ಎಂದು ಅವನ ಜೀವ ಹಂಬಲಿಸುತ್ತಿತ್ತು. ಇವತ್ತು ಬೆಟ್ಟದ ರಸ್ತೆಯಲ್ಲಿ ಕಾರಿನ ಕೈಲೇ ಅದನ್ನು ಹೇಳಿಸಬೇಕು ಎಂದುಕೊಂಡು ಕೀಲಿ ತಿರುಗಿಸಿದ.

ಕಿಟಕಿ ತಟ್ಟಿದ ಸದ್ದಾಯಿತು. ನೋಡಿದರೆ ಪಕ್ಕದ ಮನೆಯ ಮಿಸೆಸ್ ಬೈನನ್. ಕಪ್ಪು ಕೋಟು, ಕಪ್ಪು ಟೋಪಿ, ಕೈಯಲ್ಲಿ ತೊಟ್ಟಿಲಿನಷ್ಟು ದೊಡ್ಡ ಗಾಜಿನ ಬೋಗುಣಿ. ಬೋಗುಣಿಯಲ್ಲಿ ಕೇಕು, ಜೆಲ್ಲಿ, ಕಸ್ಟರ್ಡ್ ಪದರ ಪದರವಾಗಿ ಕೂತ ಟ್ರೈಫಲ್ ಥಳಥಳಿಸುತ್ತಿತ್ತು.

"ಎಮ್ಲಿನ್ ಪುಟ್ಟಾ, ಗ್ವಿಲಿಮ್‌ನ ಮಣ್ಣಿಗೆ ಹೋಗ್ಬೇಕು ಕಣೋ. ಈ ಹಾಳು ಜೆಲ್ಲಿ ಗಟ್ಟಿಯಾಗ್ಲಿಲ್ಲ, ಬಸ್ಸು ಹೊರಟೋಯ್ತು."

ಎಮ್ಲಿನ್‌ಗೆ ಐವತ್ತು ದಾಟಿದ್ದರೂ ಅವರಿಗೆ ಅವನು ಪುಟ್ಟನೇ. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಹೇಗೂ ಸ್ಮಶಾನ ಬೆಟ್ಟದ ಆಚೆ, ದಾರಿಯೂ ಅದೇ ಎಂದು ಸಮಾಧಾನ ಮಾಡಿಕೊಂಡ.

ಬೆಟ್ಟದ ಬುಡದಲ್ಲೇ ಗ್ವಿಲಿಮ್ ಸಿಕ್ಕಿದ, ಹೂವಿನಡಿ ಮಲಗಿ, ಉದ್ದನೆಯ ಕರಿ ಗಾಡಿಯಲ್ಲಿ. ನಮ್ಮ ಕಣಿವೆಯಲ್ಲಿ ಶವದ ಗಾಡಿಯನ್ನು ಹಿಂದೆ ಹಾಕಿದವನು ಇನ್ನೂ ಹುಟ್ಟಿಲ್ಲ. ಎಮ್ಲಿನ್ ಮೊದಲನೇ ಗೇರಿನಲ್ಲಿ ಅದರ ಬೆನ್ನಿಗೆ ಬಿದ್ದ. ಪಕ್ಕದಲ್ಲಿ ಕುರಿಗಳು ಮೇಯುತ್ತಾ ಮೇಯುತ್ತಾ ಅವನನ್ನು ದಾಟಿ ಮುಂದೆ ಹೋದವು. ಮಿಸೆಸ್ ಬೈನನ್ ಒಂದೊಂದೇ ಆಜ್ಞೆ ಕೊಟ್ಟರು. ಕಿಟಕಿ ಮೇಲಾಯಿತು, ಹೀಟರು ಜೋರಾಯಿತು, ರೇಡಿಯೋದಲ್ಲಿ ಭಜನೆ ಶುರುವಾಯಿತು. ಮೂರನೇ ತಿರುವು ಬಂದಾಗ ಎಮ್ಲಿನ್‌ನ ಕೈ ಗೇರನ್ನು ಸುಮ್ಮನೆ ಅತ್ತಿತ್ತ ಅಲ್ಲಾಡಿಸಿತು. ಇಡೀ ಬೆಟ್ಟದಲ್ಲಿ ಮೂರನೇ ಗೇರಿಗೆಂದೇ ಹುಟ್ಟಿದ ತಿರುವು ಅದು.

"ಎಷ್ಟು ಸಲ ಅಲ್ಲಾಡಿಸ್ತೀಯೋ ಆ ಕೋಲನ್ನ," ಎಂದು ಅವರು ಗೊಣಗಿದರು. "ನಮ್ಮೆಜಮಾನ್ರು ನಂಗೆ ಡ್ರೈವಿಂಗ್ ಕಲ್ಸೋಕೆ ಹೊರಟು, ಅದು ಕೈಗೆ ಹತ್ಲೇ ಇಲ್ಲ ಅಂತ ಬಿಟ್ಬಿಟ್ರು. ಆ ಕೋಲೊಂದು ಇಲ್ದಿದ್ರೆ ನಿಂಗ್ಯಾಕೆ ತೊಂದ್ರೆ ಕೊಡ್ತಿದ್ದೆ."

ಮಣ್ಣಾಯಿತು, ಚಹಾ ಆಯಿತು, ಟ್ರೈಫಲ್ ಖಾಲಿಯಾಯಿತು. ಬರುವಾಗ ಹಿಂದಿನ ಸೀಟಿಗೆ ಇಬ್ಬರು ಅಕ್ಕತಂಗಿಯರು ಹತ್ತಿದರು. ತಂಗಿಗೆ ಕಾರಿನಲ್ಲಿ ವಾಂತಿ ಬರುತ್ತದೆಂದು ಅಕ್ಕ ಮೊದಲೇ ಎಚ್ಚರಿಸಿದಳು. ಕಾರು ಮತ್ತೆ ತೆವಳಿತು.

ಎಲ್ಲರನ್ನೂ ಮನೆ ಮುಟ್ಟಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಮಿಸೆಸ್ ಬೈನನ್ ಸಾಕೆಟ್ಟಿನ ಹತ್ತಿರ ಕೈಯಾಡಿಸುತ್ತ, ಕೈಚೀಲ ಹುಡುಕಿಕೊಂಡು ನಿಧಾನವಾಗಿ ಇಳಿದರು. ಬಾಗಿಲು ಮುಚ್ಚಿತೋ ಇಲ್ಲವೋ, ಎಮ್ಲಿನ್ ಬೆಟ್ಟಕ್ಕೆ ಕಾರು ತಿರುಗಿಸಿದ.

ರಸ್ತೆ ಖಾಲಿಯಿತ್ತು. ಕಿಟಕಿ ಇಳಿಸಿದ. ಎರಡನೇ ಗೇರಿನಲ್ಲಿ ಎಂಜಿನ್ನು ಗಂಟಲು ಸರಿಮಾಡಿಕೊಂಡಿತು. ಮೂರನೇ ತಿರುವಿನಲ್ಲಿ ಅವನು ಮೂರನೇ ಗೇರು ಹಾಕಿದಾಗ ಇಡೀ ಬೆಟ್ಟ ಅದರ ಜೊತೆ ಹಾಡಿತು. ಎಮ್ಲಿನ್‌ನ ಕಣ್ಣು ತೇವವಾಯಿತು.

"ಕೇಳಿಸ್ಕೊಂಡ್ಯಾ?" ಅಂದ ಸೀಟಿನ ಕೆಳಗಿನ ಡಬ್ಬಿಗೆ. "ಇದೊಂದನ್ನ ಉಳಿಸ್ರಪ್ಪ, ಸಾಕು."

ಮನೆಗೆ ಬಂದರೆ ಹೈಡ್ರುನ್ ಮಿಸೆಸ್ ಬೈನನ್‌ರ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದಳು. ಡಬ್ಬಿಯನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿದಳು. ಬಿಸಿಲು ಇಳಿದ ನಂತರದ್ದು ಏನೂ ಇಲ್ಲವಲ್ಲ ಅಂದಳು.

"ಇಳಿಯೋವಾಗ ಆ ವೈರನ್ನ ನಾನೇ ಕಿತ್ತಿಟ್ಟೆ," ಎಂದರು ಮಿಸೆಸ್ ಬೈನನ್, ಉಪಕಾರ ಮಾಡಿದ ಗತ್ತಿನಲ್ಲಿ. "ಸುಮ್ನೆ ಬ್ಯಾಟ್ರಿ ತಿಂತಿತ್ತು."

ಎಮ್ಲಿನ್ ತಿರುಗಿ ಕಾರಿನತ್ತ ನೋಡಿದ. ಆದರೆ ಹೈಡ್ರುನ್‌ಳ ಮುಖ ಅರಳಿತ್ತು.

"ಪರವಾಗಿಲ್ಲ, ಇಷ್ಟೇ ಸಾಕು. ಬೇರೆಯವರೆಲ್ಲ ಡಬ್ಬಿ ಇದೆ ಅಂತ ಬೆಟ್ಟ ಹತ್ತಿ ನಾಟಕ ಆಡಿದಾರೆ. ನಿಜವಾಗಿ ಓಡಿಸಿದ್ದು ನೀವೊಬ್ಬರೇ. ಮೆತ್ತಗೆ, ಬೆಚ್ಚಗೆ, ಭಜನೆ ಕೇಳ್ಕೊಂಡು."

"ಆಮೇಲೆ ನಾನೂ ಬೆಟ್ಟ ಹತ್ತಿದ್ದೆ," ಅಂದ ಎಮ್ಲಿನ್, ಕ್ಷೀಣವಾಗಿ.

"ಎಲ್ಲರೂ ಹಾಗೇ ಹೇಳ್ತಾರೆ," ಎಂದು ಅವಳು ನಕ್ಕು ಅವನ ಕೈ ಕುಲುಕಿದಳು.

ಕೆಂಪು ಕಾರು ಗುಜರಿಗೆ ಹೋದ ಮೇಲೆ ಕಂಪನಿಯ ಹೊಸ ಕಾರು ಪೇಟೆಗೆ ಬಂತು. ಗೇರಿಲ್ಲ, ಸದ್ದಿಲ್ಲ, ಸೀಟು ಒಲೆಯ ಪಕ್ಕದಷ್ಟು ಬೆಚ್ಚಗೆ. ನಮ್ಮ ಕಣಿವೆಯಲ್ಲಿ ಮೊದಲು ಕೊಂಡವರು ಮಿಸೆಸ್ ಬೈನನ್. ಇಳಿವಯಸ್ಸಿನಲ್ಲಿ ಲೈಸೆನ್ಸು ತೆಗೆದುಕೊಂಡು, ಕೋಲಿಲ್ಲದ ಕಾರೆಂದು ಊರಿಗೆಲ್ಲ ಹೊಗಳಿದರು. ಬಸ್ಸು ಕಾಯುತ್ತ ನಿಂತಿದ್ದ ಎಮ್ಲಿನ್‌ನನ್ನು ಒಂದು ಶನಿವಾರ ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಅವನ ತೊಡೆಯ ಮೇಲೆ ಬೋಗುಣಿ ಇಟ್ಟರು. ಬೆಟ್ಟದ ಆಚೆ ಇನ್ಯಾರದೋ ಮಣ್ಣು.

ಮೂರನೇ ತಿರುವು ಬಂತು. ಎಮ್ಲಿನ್‌ನ ಎಡಗೈ ತಾನಾಗಿಯೇ ಬೋಗುಣಿ ಬಿಟ್ಟು, ಇಲ್ಲದ ಗೇರಿಗಾಗಿ ಗಾಳಿಯಲ್ಲಿ ತಡಕಾಡಿತು. ಕಸ್ಟರ್ಡ್ ಅಲ್ಲಾಡಿತು.

"ಪುಟ್ಟಾ," ಅಂದರು ಮಿಸೆಸ್ ಬೈನನ್, "ಎರಡೂ ಕೈಲಿ ಹಿಡ್ಕೊಳೋ."