ಅತ್ತೆ ನಮ್ಮ ಮನೆಯವರೇ, ಮಹಾಸ್ವಾಮಿ

ಕೆಲವರಿಗೆ ಲಾಟರಿ ಹೊಡೆಯುತ್ತೆ. ನನಗೆ ಸರ್ಕಾರಿ ಲಕೋಟೆ ಬರುತ್ತೆ. ನೆದರ್‌ಲ್ಯಾಂಡ್ಸ್‌ಗೆ ಬಂದು ಹನ್ನೊಂದು ವರ್ಷವಾದರೂ ಈ ಯೋಗ ತಪ್ಪಿಲ್ಲ. ಕೊರೊನಾ ಕಾಲದ ಒಂದು ಲಕೋಟೆಯಂತೂ ನನ್ನನ್ನು ಮೇಲಿನ ಕೋರ್ಟಿನವರೆಗೂ ಎಳೆದುಕೊಂಡು ಹೋಯಿತು. ಎಳೆದುಕೊಂಡು ಹೋದವಳು ನಾನೇ ಅನ್ನುತ್ತಾರೆ ನನ್ನ ಗಂಡ.

ಬೆಂಚು

ನ್ಯೂವೆಗೈನ್‌ನಲ್ಲಿ ನಮ್ಮ ಮನೆ ಹಿಂದಿನ ಕಾಲುವೆ ಪಕ್ಕ ಒಂದು ಬೆಂಚಿದೆ. ಮೈಸೂರಿಂದ ಮೂರು ತಿಂಗಳಿಗೆಂದು ಬಂದು, ವಿಮಾನ ನಿಂತು ನಮ್ಮಲ್ಲೇ ಉಳಿದಿದ್ದ ಅತ್ತೆ, ನಾನು, ನನ್ನ ಗಂಡ ಅಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದೆವು. ಮಗಳು ಮನೆಯಲ್ಲಿ ಆನ್‌ಲೈನ್ ಕ್ಲಾಸಿನಲ್ಲಿದ್ದಳು. ಪೊಲೀಸ್ ಬಂದ. ಮೂವರು ಸೇರಿದರೆ ನಡುವೆ ಒಂದೂವರೆ ಮೀಟರ್ ಅಂತರ ಬೇಕು. ಒಂದೇ ಮನೆಯವರಾದರೆ ಮಾತ್ರ ವಿನಾಯಿತಿ.

“ಒಂದೇ ಮನೆಯವರೇ,” ಅಂದೆ.

ಅವನು ಫೋನಿನಲ್ಲಿ ವಿಚಾರಿಸಿದ. “ಈ ಹಿರಿಯರ ಹೆಸರು ನಿಮ್ಮ ವಿಳಾಸದಲ್ಲಿ ನೋಂದಣಿಯಾಗಿಲ್ಲ. ಇವರು ಅತಿಥಿ. ಮನೆಯವರಲ್ಲ.”

ಗಂಡ ಕೂಡಲೇ “ಸಾರಿ” ಅಂದುಬಿಟ್ಟರು. ಅವರನ್ನು ಪೊಲೀಸ್ ಎಚ್ಚರಿಕೆ ಕೊಟ್ಟು ಬಿಟ್ಟ. ಅತ್ತೆಯನ್ನು ವಯಸ್ಸು ನೋಡಿ ಬಿಟ್ಟ. “ನಮ್ಮತ್ತೆ ನಮ್ಮ ಮನೆಯವರಲ್ಲ ಅನ್ನೋಕೆ ನೀವ್ಯಾರು?” ಅಂತ ಕೇಳಿದ ನನಗೆ ದಂಡ.

ವಾಪಸ್ ಬರುವಾಗ ಅತ್ತೆ ಕೇಳಿದರು: “ಅಷ್ಟೊಂದು ಕಿರುಚಿದ್ಯಲ್ಲೇ, ಅದು ನನ್ನ ಪರವಾಗೋ, ವಿರುದ್ಧವಾಗೋ?”

ಜ್ಯೂರಿ

ದಂಡದ ಲಕೋಟೆ ಮನೆಗೆ ಬಂತು. ಕಟ್ಟಿದರೆ ತಪ್ಪೊಪ್ಪಿಕೊಂಡ ಹಾಗೆ. ಹೆಸರು ಅಪರಾಧದ ದಾಖಲೆಗೆ ಹೋಗುತ್ತೆ. ನಾನೋ ಆಗಷ್ಟೇ ಒಂದು ಶಾಲೆಯ ಕೆಲಸಕ್ಕೆ ಅರ್ಜಿ ಹಾಕಿದ್ದೆ, ಅದಕ್ಕೆ ನಡತೆ ಪ್ರಮಾಣಪತ್ರ ಬೇಕು. ಕಟ್ಟಲ್ಲ, ಕೋರ್ಟಿಗೇ ಹೋಗ್ತೀನಿ ಅಂದೆ.

“ಸಿನಿಮಾ ಥರ ಜ್ಯೂರಿ ಇರುತ್ತಾ ಅಕ್ಕ?” ಅಂತ ಬೆಂಗಳೂರಿಂದ ತಂಗಿ ಕೇಳಿದಳು. ಈ ದೇಶದಲ್ಲಿ ಜ್ಯೂರಿ ಇಲ್ಲ. ಆ ಕೊರತೆ ತುಂಬಿದ್ದು ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪು.

“ಸುಮ್ನೆ ಕಟ್ಟಿ ಮುಗ್ಸಿ ಮೇಡಂ,” ಅಂದರು ಬೆಸ್ಟ್ ಅನ್ನೋ ಊರಿನ ಒಬ್ಬರು. “ರೆಸಿಡೆನ್ಸ್ ಪರ್ಮಿಟ್ ಮೇಲಿರೋರು ಇವೆಲ್ಲ ಮಾಡಬಾರದು,” ಅಂದರು ಇನ್ನೊಬ್ಬರು. ಲೈಡನ್‌ನಲ್ಲಿ ಸಂಶೋಧನೆ ಮಾಡುವ ಹುಡುಗಿ ಮಾತ್ರ, “ಬಿಡಬೇಡಿ ಅಕ್ಕ, ಫೈಟ್ ಮಾಡಿ!” ಅಂದಳು. ನನ್ನ ಕಣ್ಣು ತುಂಬಿತು. ತಕ್ಷಣ ಅವಳದೇ ಇನ್ನೊಂದು ಮೆಸೇಜು: “ಅಂದ್ಹಾಗೆ, ಚಿತ್ರಾನ್ನಕ್ಕೆ ಕರಿಬೇವು ಎಲ್ಲಿ ಸಿಕ್ತು?”

ಮುಂದಿನ ನಲವತ್ತು ಮೆಸೇಜು ಕರಿಬೇವಿನ ಮೇಲೆ.

ಪರದೆ

ಮೊದಲ ವಿಚಾರಣೆ ವಿಡಿಯೋದಲ್ಲಿ ನಡೆಯಿತು. ವಿಮಾನ ಮತ್ತೆ ಮತ್ತೆ ರದ್ದಾಗಿ ಅತ್ತೆ ಇನ್ನೂ ನಮ್ಮಲ್ಲೇ ಇದ್ದರು. ನಾನು ಗಂಭೀರವಾಗಿ ವಾದಿಸುತ್ತಿದ್ದರೆ ಹಿಂದಿನಿಂದ ಬಂದು ಕಾಫಿ ಲೋಟ ಇಟ್ಟರು. ಸ್ವಲ್ಪ ಹೊತ್ತಿಗೆ ಲೋಟ ಒಯ್ಯಲು ಬಂದರು. ಮೂರನೇ ಸಲ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಬಂದು, ನನ್ನ ಕುರ್ಚಿ ಬೆನ್ನಿಗೆ ಒಂದು ಟವಲ್ ಹರವಿ ಹೋದರು.

ನ್ಯಾಯಾಧೀಶರು ಟವಲ್ ಹರವಿ ಮುಗಿಯುವವರೆಗೂ ಸಭ್ಯವಾಗಿ ಕಾದರು. ಆಮೇಲೆ, ಸದರಿ ಮಹಿಳೆ ಈ ಮನೆಯವರು ಎಂಬುದಕ್ಕೆ ಯಾವ ಪುರಾವೆಯೂ ಇಲ್ಲ ಅಂತ ತೀರ್ಪು ಕೊಟ್ಟರು.

ಅಪ್ಪಣೆ

ಇಂಥ ಸಣ್ಣ ಕೇಸಿನಲ್ಲಿ ಮೇಲ್ಮನವಿ ನಡೆಯಬೇಕಾದರೆ ಮೇಲಿನ ಕೋರ್ಟೇ ಮೊದಲು ಅನುಮತಿ ಕೊಡಬೇಕು ಅಂದರು ನಾನು ಆಮೇಲೆ ಹಿಡಿದ ವಕೀಲೆ.

“ಒಳ್ಳೆ ಪದ್ಧತಿ,” ಅಂದರು ಗಂಡ. “ನಮ್ಮನೇಲೂ ತರೋಣ. ವಾದ ಶುರು ಮಾಡೋಕೆ ಮುಂಚೆ ಅನುಮತಿ.”

“ತರೋಣ,” ಅಂದೆ. “ಕೊಡೋಳು ನಾನು.”

ಕಡೇ ಮಾತು

ಕೋರ್ಟು ಅನುಮತಿ ಕೊಟ್ಟಿತು. ಸರದಿ ಬರುವ ಹೊತ್ತಿಗೆ ಎರಡು ವರ್ಷ. ಶಾಲೆಯ ಕೆಲಸ ಕೈತಪ್ಪಿತ್ತು. ಅಲ್ಲೇ ಮತ್ತೊಂದು ಜಾಗ ಖಾಲಿಯಾಗಿತ್ತು. ಈ ಸಲ ಬಿಡುವ ಮಾತೇ ಇರಲಿಲ್ಲ. ಊರಿಗೆ ಹೋಗಿದ್ದ ಅತ್ತೆ ಸಾಕ್ಷಿಯಾಗಿ ಬಂದರು. “ನಿನ್ನ ಕೇಸಿಗಲ್ಲ, ಮೊಮ್ಮಗಳನ್ನ ನೋಡೋಕೆ,” ಅಂತ ಸ್ಪಷ್ಟಪಡಿಸಿದರು.

ಕೋರ್ಟಿನಲ್ಲಿ ಅತ್ತೆ, ನಾನು ಮಾಸ್ಕು ಹಾಕಿಕೊಂಡು ಕೂತೆವು, ನಮ್ಮಿಬ್ಬರ ನಡುವೆ ಎರಡು ಖಾಲಿ ಕುರ್ಚಿ. ಕನ್ನಡದ ದುಭಾಷಿ ಫೋನಿನ ಸ್ಪೀಕರಿನಲ್ಲಿ. ಅತ್ತೆ ಚುಟುಕಾಗಿ ಸಾಕ್ಷಿ ಹೇಳಿ ಕೂತರು. ಕೊನೆಗೆ ನ್ಯಾಯಾಧೀಶೆ ನನ್ನತ್ತ ತಿರುಗಿ, “ಕಾನೂನಿನ ಪ್ರಕಾರ ಕಡೇ ಮಾತು ಆರೋಪಿಯದು. ಹೇಳಿ,” ಅಂದರು.

ಮದುವೆಯಾಗಿ ಹದಿನೆಂಟು ವರ್ಷ. ಅತ್ತೆಯ ಎದುರು ಕಡೇ ಮಾತು ನನ್ನದು ಅಂತ ಒಬ್ಬರಾದರೂ ಹೇಳಿದ್ದು ಇದೇ ಮೊದಲು! ಬರೆದು ತಂದಿದ್ದ ಎರಡು ಪುಟ ಬಿಡಿಸಿ ಎದ್ದು ನಿಂತೆ.

“ಮಾಸ್ಕು ಮೂಗಿನ ಮೇಲೆ ಎಳ್ಕೊಳ್ಳೇ,” ಅಂದರು ಅತ್ತೆ. “ಅಂದ್ಹಾಗೆ, ಉದ್ದಿನಬೇಳೆ ರುಬ್ಬಿಟ್ಟು ಬಂದ್ಯಾ?”

“ಅತ್ತೆ, ಈಗ ಇದಾ? ಇದು ನನ್ನ ಸರದಿ. ಕಾನೂನು!”

“ಕಾನೂನು ಬಂದು ದೋಸೆ ಹುಯ್ಯುತ್ತಾ? ನೆನ್ನೆಯಿಂದ ನೆನೀತಿದೆ!”

“ಮಿಕ್ಸಿ ಮುಚ್ಚಳ ಎಲ್ಲೋ ಎತ್ತಿಟ್ಟಿದ್ದು ನೀವೇ! ಮೊನ್ನೆನೂ ಹಿಂಗೇ ಮಾಡಿ ನನ್ನನ್ನೇ ಬೈದ್ರಿ!”

“ಎರಡನೇ ಶೆಲ್ಫಲ್ಲೇ ಇದೆ, ಕಣ್ಣು ಬಿಟ್ಟು ನೋಡ್ಬೇಕು!”

ನ್ಯಾಯಾಧೀಶೆ ಫೋನಿನ ಕಡೆ ಬಾಗಿ, ಏನು ಹೇಳುತ್ತಿದ್ದಾರೆ ಅಂತ ಕೇಳಿದರು. ದುಭಾಷಿ ಗಂಟಲು ಸರಿಮಾಡಿಕೊಂಡು, ಬೇಳೆಯಿಂದ ಮುಚ್ಚಳದವರೆಗೆ ಎಲ್ಲವನ್ನೂ ಡಚ್ಚಿನಲ್ಲಿ ಒಪ್ಪಿಸಿದರು. ವಕೀಲೆ ತಲೆ ಮೇಲೆ ಕೈ ಹೊತ್ತರು. ಈ ಸಲವೂ ಶಾಲೆಯ ಕೆಲಸ ಹೋಯಿತು ಅಂದುಕೊಂಡೆ.

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. “ಅತಿಥಿಯ ಜೊತೆ ಯಾರೂ ಹೀಗೆ ಜಗಳ ಆಡುವುದಿಲ್ಲ. ಇವರು ಒಂದೇ ಮನೆಯವರು ಅಂತ ನನಗೆ ಮನವರಿಕೆಯಾಗಿದೆ. ಆರೋಪಿ ಖುಲಾಸೆ.”

“ಏನಂತೆ?” ಅಂದರು ಅತ್ತೆ.

“ನೀವು ನಮ್ಮ ಮನೆಯವರಂತೆ.”

“ಇದನ್ನ ಕಂಡುಹಿಡಿಯೋಕೆ ಎರಡು ವರ್ಷ ಬೇಕಾಯ್ತಾ ಇವರಿಗೆ?” ಅತ್ತೆ ಬ್ಯಾಗು ಹೆಗಲಿಗೇರಿಸಿದರು. “ಆ ಪೇಪರ್ ಮಡಿಚಿಡು, ನಡಿ. ಬೇಳೆ ಹುಳಿ ಬಂದಿರುತ್ತೆ.”