ಮಾವನ ಮೊಬೈಲಿಗೆ ಬಂದ ಕಾರು

ಮಧುಸೂದನನ ಡೆಬಿಟ್ ಕಾರ್ಡಿನ ಅವಧಿ ಮುಗಿದದ್ದು ಹೋದ ತಿಂಗಳು. ಅದು ಅವನಿಗೆ ಗೊತ್ತಾದದ್ದು ಮಾತ್ರ ಈ ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ. ಸಂಜೆ ಐದಕ್ಕೆ ಅವನ ಅಪ್ಪನ ಕಾರು ಶಾಶ್ವತವಾಗಿ ಮಾಯವಾಗುವುದಿತ್ತು.

ನಿಜವಾದ ಕಾರು ಎಂದೋ ಗುಜರಿಗೆ ಹೋಗಿತ್ತು. ಅಪ್ಪನೂ ತೀರಿಕೊಂಡು ಆರು ವರ್ಷವಾಗಿತ್ತು. ಶಿವಮೊಗ್ಗ ಭದ್ರಾವತಿ ನಡುವೆ ಅಪ್ಪ ಬಾಡಿಗೆಗೆ ಓಡಿಸುತ್ತಿದ್ದ, ದುಂಡು ದೀಪದ ಆ ಬಿಳಿ ಕಾರನ್ನು ಮಾಡಿದ ಕಂಪನಿ ತಯಾರಿ ನಿಲ್ಲಿಸಿಬಿಟ್ಟಿತ್ತು. ಆದರೆ ಹೋದ ವಾರ ಸಹೋದ್ಯೋಗಿ ರುದ್ರೇಶ್ ತನ್ನ ಕಂಪ್ಯೂಟರಿನಲ್ಲಿ ಒಂದು ರೇಸಿಂಗ್ ಗೇಮ್ ತೋರಿಸಿದಾಗ, ನೂರಾರು ಕಾರುಗಳ ನಡುವೆ ಅದೂ ನಿಂತಿತ್ತು. ಹಾರ್ನ್ ಒತ್ತಿದರೆ ಅದೇ ಗೊಗ್ಗರು ದನಿ. ನಲವತ್ತರ ಮಧುಸೂದನ ಕಣ್ಣೊರೆಸಿಕೊಂಡ. ಅಪ್ಪನ ತೊಡೆಯ ಮೇಲೆ ಕೂತು ಸ್ಟಿಯರಿಂಗ್ ಹಿಡಿದ ದಿನ ಅವನಿಗೆ ನೆನಪಾಗಿತ್ತು.

"ಬೇಗ ತಗೊಂಡ್ಬಿಡಿ ಸಾರ್," ಎಂದಿದ್ದ ರುದ್ರೇಶ್. "ಕಾರ್ ಕಂಪನಿಗಳು ತಮ್ಮ ಕಾರು ತೋರಿಸೋಕೆ ಗೇಮ್‌ನೋರಿಗೆ ಕೊಟ್ಟಿರೋ ಲೈಸೆನ್ಸು ಮಂಗಳವಾರ ಸಂಜೆ ಐದಕ್ಕೆ ಮುಗಿಯುತ್ತೆ. ಆಮೇಲೆ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕ್ತಾರೆ. ಕೊಂಡೋರಿಗೆ ಉಳಿಯುತ್ತೆ, ಉಳಿದೋರಿಗೆ ಇನ್ನು ಜನ್ಮದಲ್ಲಿ ಸಿಗಲ್ಲ."

ನಾಳೆ ನಾಳೆ ಎನ್ನುತ್ತ ಮಂಗಳವಾರವೇ ಬಂದಿತ್ತು. ದುರ್ಗಿಗುಡಿಯ ಕಾಲೇಜು ಆಫೀಸಿನಲ್ಲಿ ಕೂತು ಮಧುಸೂದನ ಹೆಂಡತಿಗೆ ಫೋನ್ ಮಾಡಿದ.

"ನನ್ ಕಾರ್ಡ್ ಹಾಕ್ಕೊಳ್ರೀ, ಬೇಡ ಅಂದೋರ್ಯಾರು?" ಎಂದಳು ಭವಾನಿ. "ಆದ್ರೆ ಓಟಿಪಿ ಅಪ್ಪನ ಮೊಬೈಲಿಗೆ ಹೋಗುತ್ತೆ. ಕಾಲೇಜಲ್ಲಿದ್ದಾಗ ಕೊಟ್ಟ ನಂಬರು. ಬದಲಾಯಿಸ್ಕೊಂಡು ಬನ್ನಿ ಅಂತ ಹತ್ತು ವರ್ಷದಿಂದ ಬಡ್ಕೋತಿದ್ದೀನಿ."

ಮಾವ ಶ್ರೀನಿವಾಸಮೂರ್ತಿಗಳು ಭದ್ರಾವತಿಯಲ್ಲಿ ನಿವೃತ್ತ ಸಂಸ್ಕೃತ ಮೇಷ್ಟ್ರು. ಹೋದ ಭಾನುವಾರವಷ್ಟೇ ಬೀದಿಯ ಸಮುದಾಯ ಭವನದಲ್ಲಿ ಸೈಬರ್ ವಂಚನೆಯ ಮೇಲೆ ಭಾಷಣ ಕೇಳಿ ಬಂದಿದ್ದರು.

"ಅಳಿಯಂದಿರೇ, ಸಂಖ್ಯೆ ಬಂದಿದೆ," ಎಂದರು ಮಾವ ಫೋನಿನಲ್ಲಿ. "ಆದರೆ ನೇರವಾಗಿ ಹೇಳೋ ಹಾಗಿಲ್ಲ. ಕಳ್ಳರು ನಡುವೆ ಕದ್ದು ಕೇಳ್ತಾರಂತೆ. ಶಾಸ್ತ್ರದ ಪ್ರಕಾರ ಹೇಳ್ತೀನಿ, ಬರ್ಕೊಳ್ಳಿ. ಚಂದ್ರ, ನೇತ್ರ, ವೇದ, ಬಾಣ, ಋತು, ಆಕಾಶ."

ಹಳೆಯ ಕಾಲದ ಪಂಡಿತರು ಅಂಕಿಗಳಿಗೆ ಬದಲು ವಸ್ತುಗಳ ಹೆಸರು ಬಳಸುತ್ತಿದ್ದರಂತೆ. ಅಕ್ಕಪಕ್ಕದ ಮೂರು ನಾಲ್ಕು ಜನ ಮೇಜಿನ ಸುತ್ತ ಸೇರಿದರು. ಚಂದ್ರ ಒಂದು, ಕಣ್ಣು ಎರಡು, ವೇದ ನಾಲ್ಕು, ಋತು ಆರು, ಆಕಾಶ ಸೊನ್ನೆ. ಬಾಣ?

"ರಾಮಂದು ಒಂದೇ ಬಾಣ ಸಾರ್. ಒಂದು ಹಾಕಿ!" ಎಂದ ರುದ್ರೇಶ್.

ತಪ್ಪು ಎಂದಿತು ಬ್ಯಾಂಕು.

"ಬಾಣ ಅಂದ್ರೆ ಮನ್ಮಥನ ಬಾಣ. ಐದು!" ಮಾವ ಗದರಿದರು. ಮತ್ತೊಂದು ಓಟಿಪಿ ತರಿಸಿದ್ದಾಯಿತು. ಈ ಸಲ ಅಗ್ನಿ, ಸಾಗರ ಎಲ್ಲ ಬಂದವು. ಪ್ರತಿಯೊಂದಕ್ಕೂ ಅರ್ಥ ಕೇಳಿ ತಿಳಿದುಕೊಂಡೇ ಮಧುಸೂದನ ಒತ್ತಿದ. ಅದೂ ತಪ್ಪಾಯಿತು.

"ಎಡದಿಂದ ಬರೆದಿರೇನು?" ಮಾವನ ದನಿಯಲ್ಲಿ ಅಪಾರ ನೋವಿತ್ತು. "ಅಂಕಾನಾಂ ವಾಮತೋ ಗತಿಃ! ಅಂಕಿಗಳು ಬಲದಿಂದ ಎಡಕ್ಕೆ ಹೋಗಬೇಕು. ಇಷ್ಟೂ ಗೊತ್ತಿಲ್ಲದವರಿಗೆ ಮಗಳನ್ನು ಕೊಟ್ಟೆನಲ್ಲ!"

ಮೂರನೆಯ ಸಲ ತಪ್ಪಿದರೆ ಕಾರ್ಡಿಗೇ ಬೀಗ. ಮಧುಸೂದನ "ಮಾವನವರದು ತುರ್ತು" ಎಂದು ಅರ್ಧ ದಿನದ ರಜೆ ಗೀಚಿ ಬಸ್ ಸ್ಟ್ಯಾಂಡಿಗೆ ಓಡಿದ. ಬಸ್ಸು ದಾರಿಯಲ್ಲಿ ಒಮ್ಮೆ ಪಂಕ್ಚರ್ ಆಯಿತು. ರಜೆ ಚೀಟಿಯನ್ನಷ್ಟೇ ಕಂಡು ಹೆದರಿದ ಬೇರೆ ವಿಭಾಗದ ಸಹೋದ್ಯೋಗಿಗಳು "ಮಾವ ಹೇಗಿದ್ದಾರೆ?" ಎಂದು ಫೋನ್ ಮಾಡಿ ಮಾಡಿ ಅವನ ಮೊಬೈಲಿನ ಚಾರ್ಜ್ ಮುಗಿಸಿದರು.

ಮೂರೂವರೆಗೆ ಮಾವನ ಮನೆ ತಲುಪಿ "ಓಟಿಪಿ!" ಎಂದು ಏದುಸಿರು ಬಿಟ್ಟವನನ್ನು ಮಾವ ಮಣೆ ಹಾಕಿ ಕೂರಿಸಿದರು.

"ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ. ಏನೂ ಕೊಳ್ಳೋ ಹಾಗಿಲ್ಲ. ಚಕ್ಕುಲಿ ತಿನ್ನಿ."

ಚಕ್ಕುಲಿಯ ಸದ್ದಿಗೆ ಪಕ್ಕದ ಮನೆ ಶಾಂತಮ್ಮ ಬಂದರು. ಅವರ ಹಿಂದೆ ಕಾರ್ಖಾನೆಯಿಂದ ನಿವೃತ್ತರಾದ ಎದುರುಮನೆ ಹೊನ್ನಯ್ಯ ಬಂದರು. ವಿಷಯ ಕೇಳಿದ ಶಾಂತಮ್ಮ ಎದೆ ಮುಟ್ಟಿಕೊಂಡರು.

"ಇವತ್ತೇ ಕೊನೇ ದಿನ, ಐದರೊಳಗೆ ತಗೊಳ್ಳಿ, ಓಟಿಪಿ ಹೇಳಿ! ಅಯ್ಯೋ ಮಾರಾಯ್ರೇ, ಭಾನುವಾರ ಪೊಲೀಸ್ರು ಹೇಳಿದ್ದು ಇದನ್ನೇ ಅಲ್ವಾ?"

"ಅಲ್ಲಾ ಸ್ವಾಮಿ," ಎಂದರು ಹೊನ್ನಯ್ಯ, "ಟಯರಿಲ್ಲ, ಇಂಜಿನ್ನಿಲ್ಲ, ಬರೀ ಚಿತ್ರ. ಅಂಥ ಕಾರಿಗೆ ಲೈಸೆನ್ಸಾ? ಅದೂ ಮುಗಿಯುತ್ತಾ? ನಿಮ್ಮನ್ನ ಯಾರೋ ಚೆನ್ನಾಗಿ ಬೋಳಿಸ್ತಿದ್ದಾರೆ."

ಮಾವ ಮೊಬೈಲನ್ನು ತೆಗೆದು ಬನಿಯನ್ನಿನ ಜೇಬಿಗೆ ಸೇರಿಸಿದರು. ನಾಲ್ಕೂವರೆಯಾಯಿತು. ರಾಹು ಬಿಟ್ಟರೂ ಮಾವ ಬಿಡಲಿಲ್ಲ. ನಾಲ್ಕು ನಲವತ್ತಕ್ಕೆ ಮಧುಸೂದನನ ಸಂಕೋಚ ಕಳಚಿಬಿತ್ತು.

"ಮಾವ, ಅದು ಅಪ್ಪನ ಕಾರು! ಅದೇ ಬಿಳಿ ಕಾರು. ಐದು ನಿಮಿಷ ನೋಡ್ಬೇಕು ಅಂದ್ರೂ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ!"

ಮಾವನ ಕೈ ಬನಿಯನ್ನಿನ ಜೇಬಿಗೆ ಹೋಯಿತು. "ಮದುವೆ ದಿನ ಭವಾನಿಯನ್ನ ಕೂರಿಸಿ ನಿಮ್ಮ ಮನೆಗೆ ಕಳಿಸಿಕೊಟ್ಟ ಕಾರೇ?"

"ಅದೇ ಮಾವ."

"ಮೊದಲೇ ಹೇಳಬಾರದೇ? ಏಳಿ, ಏಳಿ!"

ಮಾವ ಆನ್‌ಲೈನ್ ಸಂಸ್ಕೃತ ಪಾಠಕ್ಕೆಂದು ಕೊಂಡಿದ್ದ ದೊಡ್ಡ ಕಂಪ್ಯೂಟರಿನ ಮುಂದೆ ಎಲ್ಲರೂ ನುಗ್ಗಿದರು. ಆ ಗೇಮ್ ಅಂಗಡಿಯಲ್ಲಿದ್ದ ಮಧುಸೂದನನ ಹಳೆಯ ಖಾತೆ ತೆರೆಯಲು ಅವನ ಮೊಬೈಲಿಗೇ ಕೋಡ್ ಬರಬೇಕು. ಅದು ಸತ್ತು ಮಲಗಿತ್ತು. ಹೊಸ ಖಾತೆಗೆ ಮೊಬೈಲ್ ನಂಬರ್ ಕೇಳಿತು. ಯೋಚಿಸಲು ಪುರುಸೊತ್ತೆಲ್ಲಿ? ಮಾವನ ನಂಬರನ್ನೇ ಕುಟ್ಟಿದ. ನಾಲ್ಕು ಐವತ್ತಾರಕ್ಕೆ ಬ್ಯಾಂಕಿನ ಓಟಿಪಿ ಬಂತು. ಮಾವ ಬಾಯಿ ತೆರೆದು "ಸಾಗರ..." ಎನ್ನುವಷ್ಟರಲ್ಲಿ ಅವನು ಮೊಬೈಲನ್ನೇ ಕಿತ್ತುಕೊಂಡು, ಎಡದಿಂದ ಬಲಕ್ಕೆ, ಸಾಮಾನ್ಯ ಮನುಷ್ಯರಂತೆ ಒತ್ತಿದ.

"ಖರೀದಿ ಯಶಸ್ವಿ!"

ಮಧುಸೂದನ ಕುಣಿದ. ಶಾಂತಮ್ಮ ಸಕ್ಕರೆ ಹಂಚಿದರು. ಐದಕ್ಕೆ ಸರಿಯಾಗಿ, ಎಲ್ಲರ ಕಣ್ಣೆದುರೇ, ಅಂಗಡಿಯಿಂದ ಆ ಗೇಮ್ ಮಾಯವಾಯಿತು. ಅವನದು ಮಾತ್ರ ಉಳಿಯಿತು.

"ಇದೇನಿದು ಹಸಿರು ಬಟನ್?" ಎನ್ನುತ್ತ ಹೊನ್ನಯ್ಯ ಒಂದು ಕಡೆ ಒತ್ತಿದರು. ಗೇಮ್ ಮಾವನ ಕಂಪ್ಯೂಟರಿಗೆ ಇಳಿಯಲು ಶುರುವಾಯಿತು. ಇಳಿದರೆ ಇಳಿಯಲಿ, ತನ್ನ ಗಂಟೇನು ಹೋಗುತ್ತದೆ ಎಂದುಕೊಂಡು ಮಧುಸೂದನ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಕೈಯಲ್ಲಿ ಇಲ್ಲದ ಸ್ಟಿಯರಿಂಗ್ ತಿರುಗಿಸುತ್ತಿದ್ದವನನ್ನು ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ಏಳೂವರೆಗೆ ಮನೆ ಬಾಗಿಲಲ್ಲಿ ಭವಾನಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ನಮ್ಮಪ್ಪಂಗೆ ಏನಾಯ್ತು ಅಂತ ನಿಮ್ಮ ಆಫೀಸಿನೋರು ಒಂಬತ್ತು ಜನ ಫೋನ್ ಮಾಡಿದ್ರು. ಒಬ್ರು ಹಾರ ಎಷ್ಟು ಹೊತ್ತಿಗೆ ತರ್ಲಿ ಅಂತ ಕೇಳಿದ್ರು!"

ಬೈಗುಳವನ್ನೆಲ್ಲ ಪ್ರಸಾದದಂತೆ ಸ್ವೀಕರಿಸಿ ಮಧುಸೂದನ ಲ್ಯಾಪ್‌ಟಾಪ್ ತೆರೆದ. ಪರದೆಯ ಮೇಲೆ ಎರಡು ಸಾಲು ಮೂಡಿದವು. ಒಂದು, ನೋಂದಾಯಿತ ಮೊಬೈಲಿಗೆ ಕೋಡ್ ಕಳಿಸಿದ್ದೇವೆ. ಎರಡು, ಈ ಖಾತೆಯ ಗೇಮ್ ಸದ್ಯ ಇನ್ನೊಂದು ಕಂಪ್ಯೂಟರಿನಲ್ಲಿ ನಡೆಯುತ್ತಿದೆ.

ಮೊಬೈಲನ್ನು ಚಾರ್ಜಿಗೆ ಸಿಕ್ಕಿಸಿ, ಸ್ಪೀಕರ್ ಹಾಕಿ ಮಾವನಿಗೆ ಫೋನ್ ಹಚ್ಚಿದ.

"ಅಳಿಯಂದಿರೇ, ಆಮೇಲೆ ಮಾಡಿ! ಮೂರನೇ ಸುತ್ತಿನಲ್ಲಿದ್ದೀನಿ!" ಮಾವನ ದನಿ ಇಪ್ಪತ್ತು ವರ್ಷ ಚಿಕ್ಕದಾಗಿತ್ತು. ಹಿಂದಿನಿಂದ ಶಾಂತಮ್ಮ "ಎಡಕ್ಕೆ, ಎಡಕ್ಕೆ!" ಎಂದು ಕಿರುಚುತ್ತಿದ್ದರು.

"ಮಾವ, ಒಂದು ಕೋಡ್ ಬಂದಿರುತ್ತೆ. ಅದೊಂದು ಹೇಳ್ಬಿಡಿ. ಬೇಕಾದ್ರೆ ಸಂಸ್ಕೃತದಲ್ಲೇ ಹೇಳಿ."

"ಬಂದಿದೆ. ಆದರೆ ಯಾರಿಗೂ ಹೇಳಬೇಡಿ ಅಂತ ಅದರಲ್ಲೇ ಬರೆದಿದೆಯಲ್ಲ!"

"ಮಾವ, ಅದು ನನ್ನಪ್ಪನ ಕಾರು!"

"ಗೊತ್ತು. ಮದುವೆ ದಿನ ಒಂದೇ ಒಂದು ಸುತ್ತು ಓಡಿಸ್ತೀನಿ ಅಂತ ಕೈಮುಗಿದು ಕೇಳಿದ್ದೆ. ಬೀಗರಿಗೆ ಕೀ ಕೊಡೋ ಪದ್ಧತಿ ಇಲ್ಲ ಅಂದ್ಬಿಟ್ರು ನಿಮ್ಮಪ್ಪ. ಹನ್ನೆರಡು ವರ್ಷ ಕಾದಿದ್ದೀನಿ ಅಳಿಯಂದಿರೇ!"

ಇನ್ನೊಂದು ಕೊಳ್ಳೋಣವೆಂದರೆ ಅಂಗಡಿಯಲ್ಲಿ ಅದರ ಹೆಸರೂ ಇರಲಿಲ್ಲ. ಫೋನಿನೊಳಗಿಂದ, ಭದ್ರಾವತಿಯಿಂದ, ಗೊಗ್ಗರು ದನಿಯ ಹಾರ್ನ್ ಎರಡು ಸಲ ಕೇಳಿಸಿ ಕರೆ ಕಡಿದುಹೋಯಿತು.

ಅಡುಗೆಮನೆಯಿಂದ ಭವಾನಿ ಸೌಟು ಹಿಡಿದೇ ಓಡಿಬಂದಳು. "ರೀ, ಅದು ಮಾವನೋರ ಕಾರಿನ ಹಾರ್ನಲ್ವಾ?"

ಮಧುಸೂದನ ಲ್ಯಾಪ್‌ಟಾಪ್ ಮುಚ್ಚಿದ. "ಆಗಿತ್ತು. ಈಗ ನಿಮ್ಮಪ್ಪಂದು."